ಪುಷ್ಯ ಮಳೆಗೂ ಉಕ್ಕದ ಗುಂಡಿ: ಮಲೆನಾಡಿನ ಮನೆಗೆ ಸೆಪ್ಟಿಕ್ ಟ್ಯಾಂಕ್ ಕಟ್ಟುವ, ಕಾಯುವ ಸಮಗ್ರ ಮಾರ್ಗದರ್ಶಿ

ನಮ್ಮ ಮನೆಯ ಹಳೆ ಗುಂಡಿ ತೋಡಿದ್ದು ಮಾರ್ಚ್ ತಿಂಗಳಲ್ಲಿ. ತೀರ್ಥಹಳ್ಳಿ ಕಡೆಯ ಊರು, ಗುಡ್ಡದ ಬುಡದಲ್ಲಿ ಮನೆ, ಕೆಳಗೆ ಅಡಿಕೆ ತೋಟ. ಹನ್ನೆರಡು ಅಡಿ ತೋಡಿ, ಸಿಮೆಂಟ್ ರಿಂಗ್ ಇಳಿಸಿ, ಮೇಲೆ ಸ್ಲ್ಯಾಬ್ ಮುಚ್ಚಿದರು. ತಳದಲ್ಲಿ ಒಂದು ಹನಿ ನೀರಿರಲಿಲ್ಲ. ನಾಲ್ಕು ಕೊಡ ಸುರಿದರೆ ಐದೇ ನಿಮಿಷಕ್ಕೆ ಮಾಯ. ಈ ನೀರು ಹೋಗುವುದೆಲ್ಲಿಗೆ ಎಂದು ಕೇಳಿದ್ದಕ್ಕೆ ಮೇಸ್ತ್ರಿ ನಕ್ಕರು. "ಹೋಗುತ್ತಲ್ಲ ಗೌಡ್ರೆ, ಎಲ್ಲಿಗೆ ಹೋದ್ರೆ ಏನು?"

ಉತ್ತರ ಸಿಕ್ಕಿದ್ದು ಜುಲೈ ಕೊನೆಗೆ, ಪುಷ್ಯ ಮಳೆ ಹಿಡಿದಾಗ. ಫ್ಲಶ್ ಮಾಡಿದರೆ ಕಮೋಡಿನಲ್ಲಿ ಗುಳುಗುಳು ಸದ್ದು. ನೀರು ಇಳಿಯುವುದಿರಲಿ, ಮೇಲೆ ಬರತೊಡಗಿತು. ಅದೇ ವಾರ ಅಮ್ಮ "ಬಾವಿ ನೀರು ಒಂಥರಾ ವಾಸನೆ ಕಣೋ" ಎಂದರು. ಬಾವಿ ಇರುವುದು ಗುಂಡಿಯಿಂದ ನಲವತ್ತು ಅಡಿ ದೂರದಲ್ಲಿ, ಇಳಿಜಾರಿನ ಕೆಳಗೆ.

ಆಮೇಲೆ ಎಲ್ಲವನ್ನೂ ಕಿತ್ತು ಹೊಸದಾಗಿ ಮಾಡಿಸಿದೆವು. ಆಗ ಓದಿದ್ದು, ಅಳೆದಿದ್ದು, ತಪ್ಪಿದ್ದು ಎಲ್ಲ ಇಲ್ಲಿದೆ.

ನಿಮ್ಮಲ್ಲಿರುವುದು ಟ್ಯಾಂಕಾ, ಗುಂಡಿಯಾ?

ನಮ್ಮ ಕಡೆ ನೆಲದೊಳಗೆ ಇರುವುದಕ್ಕೆಲ್ಲ ಸೆಪ್ಟಿಕ್ ಟ್ಯಾಂಕ್ ಎಂದೇ ಹೆಸರು. ಬಹುಪಾಲು ಮನೆಗಳಲ್ಲಿ ಇರುವುದು ತಳವಿಲ್ಲದ ರಿಂಗ್ ಗುಂಡಿ. ಮಲ, ನೀರು ಎಲ್ಲ ಒಟ್ಟಿಗೆ ಸೀದಾ ಮಣ್ಣಿಗೆ.

ಸೆಪ್ಟಿಕ್ ಟ್ಯಾಂಕ್ ಎಂದರೆ ತಳ, ಗೋಡೆ ಎರಡೂ ಇರುವ, ಒಂದು ತೊಟ್ಟೂ ಸೋರದ ತೊಟ್ಟಿ. ಗಟ್ಟಿ ಪದಾರ್ಥ ಅಡಿಗೆ ಕೂರುತ್ತದೆ. ಎಣ್ಣೆ, ಜಿಡ್ಡು ಮೇಲೆ ಕೆನೆಗಟ್ಟುತ್ತದೆ. ಗಾಳಿ ಬೇಡದ ಬ್ಯಾಕ್ಟೀರಿಯಾಗಳು ತಳದ ಕೆಸರನ್ನು ನಿಧಾನಕ್ಕೆ ಕರಗಿಸುತ್ತವೆ. ಮಧ್ಯದ ತಿಳಿ ಮಾತ್ರ ಆಚೆಗೆ ಹರಿಯುತ್ತದೆ. ಈ ತಿಳಿ ಶುದ್ಧ ನೀರಲ್ಲ. ರೋಗಾಣುಗಳು ಬೇಕಾದಷ್ಟು ಇರುತ್ತವೆ. ಅದನ್ನು ಸೋಸುವುದು ಟ್ಯಾಂಕಿನ ನಂತರದ ಮಣ್ಣು. ಹಾಗಾಗಿ ಟ್ಯಾಂಕ್ ಅರ್ಧ ಕೆಲಸ, ಅದರಾಚೆಯ ಇಂಗುವ ವ್ಯವಸ್ಥೆ ಇನ್ನರ್ಧ. ಮಲೆನಾಡಿನಲ್ಲಿ ಕೈಕೊಡುವುದು ಈ ಎರಡನೇ ಅರ್ಧ.

ಕಾನೂನು, ಪರವಾನಗಿ

ಶಿವಮೊಗ್ಗ ನಗರದಲ್ಲೋ ಒಳಚರಂಡಿ ಇರುವ ಬೇರೆ ಪಟ್ಟಣದಲ್ಲೋ ಮನೆ ಕಟ್ಟುತ್ತಿದ್ದರೆ ಮೊದಲು ನಿಮ್ಮ ಬೀದಿಗೆ ಯುಜಿಡಿ, ಅಂದರೆ ಒಳಚರಂಡಿ ಪೈಪ್ ಬಂದಿದೆಯಾ ಕೇಳಿ. ಬಂದಿದ್ದರೆ ಅದಕ್ಕೇ ಸಂಪರ್ಕ ತೆಗೆದುಕೊಳ್ಳಿ, ಟ್ಯಾಂಕಿನ ತಲೆನೋವು ಬೇಡ. ಇಲ್ಲದಿದ್ದರೆ ಮನೆಯ ನಕ್ಷೆಯಲ್ಲಿ ಟ್ಯಾಂಕ್ ಮತ್ತು ಇಂಗುಗುಂಡಿಯ ಜಾಗ, ಅಳತೆ ತೋರಿಸಿ ಅನುಮತಿ ಪಡೆಯಿರಿ. ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ. ನಕ್ಷೆಯಲ್ಲಿ ಸುಮ್ನೆ ಒಂದು ಚೌಕ ಬರೆದು ಕೊಡುವುದು ರೂಢಿ. ಹಾಗೆ ಮಾಡಬೇಡಿ, ಅಳತೆ ಹಾಕಿಸಿ. ನಾಳೆ ಪಕ್ಕದವರ ಬಾವಿಯ ತಕರಾರು ಬಂದರೆ ಕೈಯಲ್ಲಿರುವ ಕಾಗದ ಅದೊಂದೇ.

ಗೊತ್ತಿರಬೇಕಾದ ಕಾನೂನು ಎರಡು. 1974ರ ಜಲ ಮಾಲಿನ್ಯ ತಡೆ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಹಳ್ಳ, ಹೊಳೆ, ಬಾವಿಗೆ ಕೊಳಕು ಬಿಡುವಂತಿಲ್ಲ. ತೋಟದ ಬಸಿಗಾಲುವೆಗೆ ಪೈಪ್ ತಿರುಗಿಸಿಟ್ಟವರು ಇದನ್ನು ನೆನಪಿಡಬೇಕು. ಆ ಕಾಲುವೆ ಹಳ್ಳಕ್ಕೆ ಸೇರುತ್ತದೆ, ಹಳ್ಳ ತುಂಗೆಗೋ ಶರಾವತಿಗೋ ಸೇರುತ್ತದೆ. ಎರಡನೆಯದು 2013ರ ಮ್ಯಾನುವಲ್ ಸ್ಕ್ಯಾವೆಂಜಿಂಗ್ (ಮನುಷ್ಯರಿಂದ ಮಲ ಬಾಚಿಸುವುದು) ನಿಷೇಧ ಕಾಯ್ದೆ. ಅದರ ಮಾತು ಗುಂಡಿ ಖಾಲಿ ಮಾಡುವಾಗ ಬರುತ್ತದೆ.

ಕಟ್ಟುವ ಕ್ರಮಕ್ಕೆ ಆಧಾರ ಐಎಸ್ 2470 ಎಂಬ ಭಾರತೀಯ ಮಾನಕ. 1985ರದು, ಎರಡು ಭಾಗ. ಮೊದಲನೆಯದು ಟ್ಯಾಂಕಿಗೆ, ಎರಡನೆಯದು ಹೊರಬರುವ ನೀರಿನ ವಿಲೇವಾರಿಗೆ. ಕೆಳಗೆ ಕೊಡುವ ಅಳತೆಗಳಲ್ಲಿ ಹೆಚ್ಚಿನವು ಅದರವೇ.

ಹಂತ 1: ಜಾಗವನ್ನು ಮಳೆಗಾಲದಲ್ಲಿ ನೋಡಿ

ಬೇಸಿಗೆಯಲ್ಲಿ ಮಲೆನಾಡಿನ ನೆಲ ಸುಳ್ಳು ಹೇಳುತ್ತದೆ. ಏಪ್ರಿಲ್‌ನಲ್ಲಿ ಮೂವತ್ತು ಅಡಿ ಕೆಳಗಿದ್ದ ಬಾವಿ ನೀರು ಆಗಸ್ಟ್‌ನಲ್ಲಿ ಕೈಗೆ ಸಿಗುತ್ತದೆ. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಜಾಸ್ತಿ ಮಳೆ. ಅಂಗಳದಲ್ಲೇ ಜಲ ಏಳುತ್ತದೆ, ಅಂದರೆ ನೆಲದಡಿಯ ನೀರು ಮೇಲಕ್ಕೇ ಬರುತ್ತದೆ. ಜಲ ಎದ್ದ ಜಾಗದಲ್ಲಿ ಇಂಗುಗುಂಡಿ ತೋಡಿದರೆ ಅದು ಬಾವಿಯಾಗುತ್ತದೆ, ಕೊಳಕು ನೀರಿನ ಬಾವಿ.

ಆದ್ದರಿಂದ ಒಂದು ಮಳೆಗಾಲ ಕಾಯಲು ಸಾಧ್ಯವಾದರೆ ಕಾಯಿರಿ. ಟ್ಯಾಂಕ್ ಬರಬೇಕಾದ ಕಡೆ, ಇಂಗಬೇಕಾದ ಕಡೆ ಒಂದೊಂದು ಆಳದ ಕುಣಿ ತೋಡಿ, ಮೇಲೆ ಅಡಿಕೆ ದಬ್ಬೆ ಹಾಸಿ ಮುಚ್ಚಿಡಿ. ಮಳೆ ಜೋರಾದಾಗ ನೀರು ನೆಲದಿಂದ ಎಷ್ಟು ಕೆಳಗೆ ನಿಂತಿದೆ ನೋಡಿ. 1.8 ಮೀಟರ್, ಅಂದರೆ ಆರು ಅಡಿಗಿಂತ ಮೇಲೆ ಬಂದಿದ್ದರೆ ಇಂಗುಗುಂಡಿಯ ಆಸೆ ಬಿಡಿ. ಕಾಯಲು ಆಗದವರು ಊರಿನ ಹಿರಿಯರನ್ನು ಕೇಳಬಹುದು. ಎಲ್ಲಿ ಜಲ ಏಳುತ್ತದೆ ಎಂಬುದು ಅವರಿಗೆ ಬಾಯಿಪಾಠ.

ದೂರದ ಲೆಕ್ಕ ಹೀಗೆ. ಇಂಗುವ ಜಾಗ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ದೂರ ಇರಬೇಕು, ಸುಮಾರು ಅರವತ್ತು ಅಡಿ. ವಾಸದ ಮನೆಯಿಂದ ಕನಿಷ್ಠ 6 ಮೀಟರ್. ಪಕ್ಕದ ಮನೆಯ ಬಾವಿಯೂ ಬಾವಿಯೇ, ಅದನ್ನೂ ಅಳೆಯಿರಿ. ಇನ್ನೊಂದು ಮಾತು ನನ್ನ ಅನುಭವದ್ದು: ಬಾವಿ ಇಳಿಜಾರಿನ ಕೆಳಗಿದ್ದರೆ ಈ ಅರವತ್ತು ಅಡಿಯನ್ನೂ ನಂಬಬೇಡಿ. ಇಂಗುವ ಜಾಗವನ್ನು ಬಾವಿಗಿಂತ ಕೆಳಗೋ, ಬೇರೆ ಪಕ್ಕದ ಇಳಿಜಾರಿಗೋ ತೆಗೆದುಕೊಂಡು ಹೋಗಿ. ಅಬ್ಬಿ ನೀರು (ಗುಡ್ಡದ ಒರತೆಯಿಂದ ಹರಿದು ಬರುವ ನೀರು) ಕುಡಿಯುವ ಮನೆಗಳು ಪೈಪ್ ಬರುವ ದಾರಿಯನ್ನೂ ನೋಡಿಕೊಳ್ಳಬೇಕು.

ಮನೆ ಹಿಂದಿನ ಧರೆಯ (ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ) ತಲೆಯ ಮೇಲೆ ಇಂಗುಗುಂಡಿ ಮಾಡಲೇಬೇಡಿ. ಮೊದಲೇ ಮಳೆಗೆ ನೆನೆದ ಧರೆಗೆ ದಿನವೂ ನೂರಾರು ಲೀಟರ್ ನೀರು ಕುಡಿಸಿದರೆ ಅದು ಜರಿಯದೆ ಇನ್ನೇನು ಮಾಡೀತು?

ಕೊನೆಗೆ ಗಾಡಿಯ ದಾರಿ. ಎರಡು ಮೂರು ವರ್ಷಕ್ಕೊಮ್ಮೆ ಕೆಸರು ಹೀರುವ ಸಕ್ಕಿಂಗ್ ಗಾಡಿ ಬರಬೇಕು. ಉಣಗೋಲಿನ (ತೋಟದ ಗೇಟು) ಆಚೆಯೇ ನಿಂತುಬಿಟ್ಟರೆ ಅದರ ಪೈಪ್ ಟ್ಯಾಂಕಿನವರೆಗೆ ಮುಟ್ಟುತ್ತದೆಯಾ? ಜಾಗ ಗುರುತಿಸುವ ದಿನವೇ ಹಗ್ಗ ಹಿಡಿದು ಅಳೆಯಿರಿ.

ಹಂತ 2: ಮಣ್ಣು ಎಷ್ಟು ಕುಡಿಯುತ್ತದೆ?

ಈ ಪರೀಕ್ಷೆಗೆ ಖರ್ಚಿಲ್ಲ. ಒಂದು ಗುದ್ದಲಿ, ಒಂದು ಸ್ಕೇಲು, ಒಂದು ಗಡಿಯಾರ ಸಾಕು. ಆದರೂ ಮಾಡುವವರು ಕಡಿಮೆ.

ನೀರು ಇಂಗಬೇಕಾದ ಆಳಕ್ಕೆ ಒಂದಡಿ ಚೌಕದೊಳಗಿನ ಕುಣಿ ತೋಡಿ. ಗುದ್ದಲಿ ತಾಗಿ ನಯವಾದ ಪಕ್ಕದ ಮಣ್ಣನ್ನು ಕೆರೆದು ಒರಟು ಮಾಡಿ. ತಳಕ್ಕೆ ಎರಡು ಇಂಚು ಜಲ್ಲಿ ಹಾಕಿ. ಒಂದಡಿ ಎತ್ತರಕ್ಕೆ ನೀರು ತುಂಬಿ, ಇಡೀ ರಾತ್ರಿ ಹಾಗೆಯೇ ನೆನೆಯಲು ಬಿಡಿ. ಒಣ ಮಣ್ಣು ಮೊದಲ ದಿನ ಬೇಕಾಬಿಟ್ಟಿ ಕುಡಿಯುತ್ತದೆ, ಅದು ಲೆಕ್ಕಕ್ಕಿಲ್ಲ. ಮಾರನೇ ದಿನ ಜಲ್ಲಿಯ ಮೇಲೆ ಆರು ಇಂಚು ನೀರು ನಿಲ್ಲಿಸಿ. ಒಂದು ಇಂಚು ಇಳಿಯಲು ಎಷ್ಟು ನಿಮಿಷ ಬೇಕು ನೋಡಿ. ಲೆಕ್ಕ ಒಂದೇ ತರಹ ಬರುವವರೆಗೆ ಮತ್ತೆ ಮತ್ತೆ ಮಾಡಿ, ಕೊನೆಯದನ್ನು ಬರೆದಿಡಿ.

30 ನಿಮಿಷದೊಳಗೆ ಬಂದರೆ ಇಂಗುಗುಂಡಿ ಸಾಕು. 30ರಿಂದ 60 ಆದರೆ ಉದ್ದನೆಯ ಇಂಗುಕಾಲುವೆ ಬೇಕು. 60 ದಾಟಿದರೆ ಆ ಮಣ್ಣು ನಿಮ್ಮ ನೀರನ್ನು ಕುಡಿಯುವುದಿಲ್ಲ. ಗದ್ದೆ ಬದಿಯ ಅಂಟುಮಣ್ಣು ಇಂಥದ್ದು.

ಇನ್ನು ಜಂಬಿಟ್ಟಿಗೆ (ಲ್ಯಾಟರೈಟ್, ಕೆಂಪು ಮುರಕಲ್ಲು) ನೆಲ. ನಮ್ಮ ಮೇಲಿನ ಅಂಗಳದಲ್ಲಿ ಒಂದಿಂಚು ಇಳಿಯಲು ಎರಡೇ ನಿಮಿಷ. ಮೇಸ್ತ್ರಿಗೆ ಖುಷಿ. ಖುಷಿ ಪಡುವಂಥದ್ದಲ್ಲ. ಜಂಬಿಟ್ಟಿಗೆಯಲ್ಲಿ ತೂತುಗಳಿವೆ, ಸಣ್ಣ ಕೊಳವೆಗಳಿವೆ. ನೀರು ಸೋಸಿಕೊಳ್ಳದೆ ಓಡುತ್ತದೆ. ನಮ್ಮ ಬಾವಿಗೆ ಆದದ್ದು ಅದೇ. ಇಂಥ ಕಡೆ ಗುಂಡಿಯ ತಳವನ್ನು ಕಾಂಕ್ರೀಟಿನಿಂದ ಮುಚ್ಚಿ, ಸುತ್ತ ಒಂದೂವರೆ ಅಡಿ ದಪ್ಪಕ್ಕೆ ಸಣ್ಣ ಮರಳು ತುಂಬಬೇಕು. ಮರಳೇ ಜರಡಿ.

ಹಂತ 3: ಟ್ಯಾಂಕ್

ಇದು ಮೇಸ್ತ್ರಿಗಳಿಗೆ ಗೊತ್ತಿರುವ ಕೆಲಸ, ಜಾಸ್ತಿ ಹೇಳುವುದಿಲ್ಲ. ಐದು ಜನರ ಮನೆಗೆ ಒಳ ಅಳತೆ 1.5 ಮೀಟರ್ ಉದ್ದ, 75 ಸೆಂ.ಮೀ. ಅಗಲ, ನೀರಿನ ಆಳ 1 ಮೀಟರ್. ಇದಕ್ಕಿಂತ ಚಿಕ್ಕದು ಬೇಡ. ಹತ್ತು ಜನಕ್ಕೆ 2 ಮೀಟರ್ ಉದ್ದ, 90 ಸೆಂ.ಮೀ. ಅಗಲ. ಎರಡು ವರ್ಷಕ್ಕೊಮ್ಮೆ ಖಾಲಿ ಮಾಡುವುದಾದರೆ ಆಳ 1.4 ಮೀಟರ್. ನೀರಿನ ಮೇಲೆ ಒಂದಡಿ ಖಾಲಿ ಜಾಗ ಬಿಡಿ. ಉದ್ದ ಅಗಲದ ಎರಡರಿಂದ ನಾಲ್ಕು ಪಟ್ಟು ಇರಲಿ. ಚೌಕ ಟ್ಯಾಂಕಿನಲ್ಲಿ ನೀರು ಈ ಕಡೆ ಬಿದ್ದು ಆ ಕಡೆ ಓಡಿಬಿಡುತ್ತದೆ, ಕೂರಲು ಪುರುಸೊತ್ತಿಲ್ಲ.

ಹೋಂಸ್ಟೇ ನಡೆಸುವವರು ಮನೆಮಂದಿಯ ಲೆಕ್ಕ ಕೊಡಬೇಡಿ. ಶನಿವಾರ ರಾತ್ರಿಯ ಲೆಕ್ಕ ಕೊಡಿ. ನಾಲ್ಕು ಜನರಿಗೆ ಕಟ್ಟಿದ ಟ್ಯಾಂಕಿಗೆ ವಾರಾಂತ್ಯ ಇಪ್ಪತ್ತು ಜನ ಬಂದರೆ ತಳದ ಕೆಸರೇ ಎದ್ದು ಇಂಗುಗುಂಡಿಗೆ ಹೋಗುತ್ತದೆ. ಒಮ್ಮೆ ಮಣ್ಣಿನ ರಂಧ್ರ ಕೆಸರಿನಿಂದ ಮುಚ್ಚಿತೋ, ಬೇರೆ ಜಾಗ ಹುಡುಕುವುದೇ ಗತಿ.

ಕಟ್ಟುವಾಗ ನೀವೇ ನಿಂತು ನೋಡಬೇಕಾದವು:

- ಟ್ಯಾಂಕಿಗೆ ಅಡ್ಡಗೋಡೆ ಹಾಕಿ, ಮೊದಲ ಕೋಣೆ ಮೂರನೇ ಎರಡು ಪಾಲು. ಗೋಡೆಯ ಕಿಂಡಿ ನೀರಿನ ಮಟ್ಟಕ್ಕಿಂತ ಸುಮಾರು ಒಂದಡಿ ಕೆಳಗಿರಲಿ.
- ಒಳಬರುವ, ಹೊರಹೋಗುವ ಎರಡೂ ಕಡೆ ಇಂಗ್ಲಿಷ್ T ಆಕಾರದ ಟೀ ಪೈಪ್, ಅದರ ಕಾಲು ನೀರಿನೊಳಗೆ ಮುಳುಗಿರಬೇಕು. ಹೊರಹೋಗುವ ಪೈಪ್ ಎರಡು ಇಂಚು ತಗ್ಗು. ಟೀ ಇಲ್ಲದಿದ್ದರೆ ಮೇಲಿನ ಜಿಡ್ಡೆಲ್ಲ ಆಚೆಗೆ. ಐವತ್ತು ರೂಪಾಯಿ ಉಳಿಸಲು ಟೀ ಬಿಟ್ಟ ಎಷ್ಟೋ ಟ್ಯಾಂಕ್ ನೋಡಿದ್ದೇನೆ.
- ಪ್ರತಿ ಕೋಣೆಗೂ ತೆಗೆಯಲು ಬರುವ ಮುಚ್ಚಳ. ಅದರ ಮೇಲೆ ಟೈಲ್ಸ್ ಹಾಕಬೇಡಿ.
- ಕನಿಷ್ಠ ಎರಡು ಇಂಚಿನ ಗಾಳಿ ಪೈಪ್, ತುದಿಗೆ ಸೊಳ್ಳೆ ಜಾಲರಿ. ಟ್ಯಾಂಕ್ ಮನೆಗೆ ಹತ್ತಿರವಿದ್ದರೆ ಪೈಪ್ ಸೂರಿಗಿಂತ 2 ಮೀಟರ್ ಮೇಲಿರಲಿ.
- ಸೂರಿನ ನೀರು, ಅಂಗಳದ ನೀರು ಟ್ಯಾಂಕಿಗೆ ಬರಕೂಡದು. ಮುಚ್ಚಳ ನೆಲಕ್ಕಿಂತ ಅರ್ಧ ಅಡಿ ಎತ್ತರವಿದ್ದರೆ ಒಳ್ಳೆಯದು.

ಜಂಬಿಟ್ಟಿಗೆ ಕಲ್ಲಿನಲ್ಲೇ ಗೋಡೆ ಕಟ್ಟುವವರಿದ್ದಾರೆ. ಕಟ್ಟಬಹುದು, ಆದರೆ ಕಲ್ಲು ನೀರು ಕುಡಿಯುತ್ತದೆ. ಒಳಗೂ ಹೊರಗೂ ಗಾರೆ ಗಟ್ಟಿಯಾಗಿರಬೇಕು. ಮುಗಿದ ಮೇಲೆ ನೀರು ತುಂಬಿ ಒಂದು ದಿನ ನೆನೆಯಲು ಬಿಡಿ. ಆಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಮರುದಿನ ನೋಡಿ. ನೀರು ಗೆರೆ ಬಿಟ್ಟು ಇಳಿದಿದ್ದರೆ ಬಾಕಿ ಹಣ ಕೊಡಬೇಡಿ.

ರೆಡಿಮೇಡ್ ಪ್ಲಾಸ್ಟಿಕ್, ಎಫ್‌ಆರ್‌ಪಿ (ಫೈಬರ್) ಟ್ಯಾಂಕುಗಳು ಸೋರುವುದಿಲ್ಲ, ಬೇಗ ಕೂರಿಸಬಹುದು. ಆದರೆ ಜಲ ಏಳುವ ನೆಲದಲ್ಲಿ ಖಾಲಿ ಟ್ಯಾಂಕ್ ದೋಣಿಯಂತೆ ತೇಲುತ್ತದೆ. ಕೆಳಗೆ ಕಾಂಕ್ರೀಟ್ ಹಾಸು ಮಾಡಿ ಅದಕ್ಕೆ ಕಟ್ಟಲೇಬೇಕು. ಗಾಳಿ ಊದುವ ಮೋಟಾರಿನ ಚಿಕ್ಕ ಎಸ್‌ಟಿಪಿಗಳೂ (ಕೊಳಚೆ ನೀರು ಸಂಸ್ಕರಿಸುವ ಘಟಕ) ಸಿಗುತ್ತವೆ. ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕರೆಂಟಿಲ್ಲದ ಊರಿಗೆ ಅವು ಹೇಳಿ ಮಾಡಿಸಿದ್ದಲ್ಲ. ಗಾಳಿ ನಿಂತರೆ ಅದರ ಬ್ಯಾಕ್ಟೀರಿಯಾ ಸಾಯುತ್ತವೆ.

ಹಂತ 4: ತಿಳಿ ನೀರಿಗೆ ದಾರಿ

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಹಂತ 2ರಲ್ಲಿ ಬಂದ ನಿಮಿಷದ ವರ್ಗಮೂಲದಿಂದ 130ನ್ನು ಭಾಗಿಸಿ. ಒಂದು ಚದರ ಮೀಟರ್ ಮಣ್ಣು ದಿನಕ್ಕೆ ಇಷ್ಟು ಲೀಟರ್ ಕುಡಿಯಬಲ್ಲದು ಎಂದು ಸಿಗುತ್ತದೆ. ನಮ್ಮ ಕೆಳಗಿನ ಜಾಗದಲ್ಲಿ 16 ನಿಮಿಷ ಬಂದಿತ್ತು. ವರ್ಗಮೂಲ 4. ಅಂದರೆ ಸುಮಾರು 32 ಲೀಟರ್.

ಐದು ಜನರ ಪಾಯಿಖಾನೆ ನೀರು ದಿನಕ್ಕೆ 200 ಲೀಟರ್ ಎಂದುಕೊಳ್ಳಿ. ಬೇಕಾಗುವ ಮಣ್ಣು ಸುಮಾರು 6 ಚದರ ಮೀಟರ್. ಬಚ್ಚಲು, ವಾಷಿಂಗ್ ಮಷೀನ್ ನೀರನ್ನೂ ಇದಕ್ಕೇ ಸೇರಿಸಿ 500 ಲೀಟರ್ ಮಾಡಿದರೆ 15 ಚದರ ಮೀಟರ್ ದಾಟಿತು. ನಮ್ಮ ಅಜ್ಜಿ ಕಾಲದಲ್ಲಿ ಬಚ್ಚಲ ನೀರು ಬಾಳೆ ಬುಡಕ್ಕೆ, ಕೆಸುವಿನ ಮಡಿಗೆ ಹೋಗುತ್ತಿತ್ತು. ಅದೇ ಸರಿ. ಬಚ್ಚಲು, ಅಡುಗೆಮನೆಯ ನೀರನ್ನು ಬೇರೆ ಪೈಪಿನಲ್ಲಿ ತೋಟಕ್ಕೆ ಬಿಡಿ. ಹೊಸ ಮನೆ ಕಟ್ಟುವಾಗ ಎಲ್ಲ ಪೈಪನ್ನೂ ಒಂದೇ ಚೇಂಬರಿಗೆ ತರುವ ಪ್ಲಂಬರ್‌ಗಳ ಹತ್ತಿರ ಜಗಳವಾಡಿಯಾದರೂ ಇದನ್ನು ಮಾಡಿಸಿ.

ಮಣ್ಣು ಸರಿ ಇದ್ದು, ಜಲವೂ ಆಳದಲ್ಲಿದ್ದರೆ ಇಂಗುಗುಂಡಿ. ವ್ಯಾಸ ಕನಿಷ್ಠ 90 ಸೆಂ.ಮೀ., ಪೈಪಿನಿಂದ ಕೆಳಗಿನ ಆಳ ಕನಿಷ್ಠ 1 ಮೀಟರ್. ಲೆಕ್ಕಕ್ಕೆ ಬರುವುದು ಪೈಪಿನಿಂದ ಕೆಳಗಿನ ಸುತ್ತಗೋಡೆ ಮಾತ್ರ. 1.2 ಮೀಟರ್ ವ್ಯಾಸ, 1.5 ಮೀಟರ್ ಆಳದ ಗುಂಡಿಗೆ ಐದೂವರೆ ಚದರ ಮೀಟರ್ ಚಿಲ್ಲರೆ ಸಿಗುತ್ತದೆ. ಗಾರೆಯಿಲ್ಲದೆ ಕಲ್ಲು ಜೋಡಿಸಿ ಗೋಡೆ ಮಾಡಿ.

ನಮ್ಮಲ್ಲಿ ಜಲ ಮೇಲಿದ್ದುದರಿಂದ ಇಂಗುಕಾಲುವೆ ಮಾಡಿದೆವು. ಆಳ ಎರಡಡಿ, ಅಗಲ ಎರಡಡಿ, ಉದ್ದ 10 ಮೀಟರ್. ಇಲ್ಲಿ ತಳದ ಅಳತೆಯೇ ಲೆಕ್ಕ, 6 ಚದರ ಮೀಟರ್ ಆಯಿತು. ಒಂದು ಕಾಲುವೆ 30 ಮೀಟರಿಗಿಂತ ಉದ್ದ ಬೇಡ. ಎರಡು ಮಾಡುವುದಾದರೆ ನಡುವೆ 1.8 ಮೀಟರ್ ಬಿಡಿ. ಕಾಲುವೆ ಇಳಿಜಾರಿಗೆ ಅಡ್ಡಲಾಗಿ ಹೋಗಬೇಕು, ಸಣ್ಣ ವಾಟ ಸಾಕು. ಇಳಿಜಾರಿನುದ್ದಕ್ಕೆ ತೋಡಿದರೆ ನೀರೆಲ್ಲ ಕೆಳತುದಿಗೆ ಓಡಿ ಅಲ್ಲಿ ಉಕ್ಕುತ್ತದೆ. ತೊಳೆದ ಜಲ್ಲಿ, ನಡುವೆ ತೂತಿನ ಪೈಪ್, ಮೇಲೆ ಮತ್ತೆ ಜಲ್ಲಿ, ಅದರ ಮೇಲೆ ಹಳೆ ಗೋಣಿಚೀಲ, ಆಮೇಲೆ ಮಣ್ಣು. ಜಲ ತೀರಾ ಮೇಲಿದ್ದರೆ ಕಾಲುವೆಯನ್ನು ನೆಲದ ಮೇಲೆಯೇ ದಿಬ್ಬ ಮಾಡಿ ಅದರೊಳಗೆ ಕೂರಿಸಬೇಕು. ನಮ್ಮದು ಅರ್ಧ ನೆಲದೊಳಗೆ, ಅರ್ಧ ದಿಬ್ಬ. ಮೇಲ್ಗಡೆ ಒಂದು ಚರಂಡಿ ತೋಡಿ ಗುಡ್ಡದ ನೀರನ್ನು ಆಚೆ ತಿರುಗಿಸಿದ್ದೇವೆ. ದಿಬ್ಬದ ಮೇಲೆ ಹುಲ್ಲು ಬೆಳೆಸಿ. ಹಲಸು, ಮಾವು ನೆಡಬೇಡಿ, ಬೇರು ಪೈಪ್ ಹುಡುಕಿಕೊಂಡು ಬರುತ್ತದೆ.

ಅಂಟುಮಣ್ಣಿನವರಿಗೆ ಮೂರನೆಯ ದಾರಿ. ಟ್ಯಾಂಕಿನ ಪಕ್ಕ ಇನ್ನೊಂದು ತೊಟ್ಟಿ ಕಟ್ಟಿ, ಮುಕ್ಕಾಲು ಇಂಚು ಜಲ್ಲಿ ತುಂಬಿ. ನೀರು ಅಡಿಯಿಂದ ಹೊಕ್ಕು ಜಲ್ಲಿಯ ಮೂಲಕ ಮೇಲೇರಿ ಹೊರಬರಬೇಕು. ಜಲ್ಲಿಗೆ ಅಂಟಿದ ಬ್ಯಾಕ್ಟೀರಿಯಾ ಉಳಿದ ಕೊಳೆ ತಿನ್ನುತ್ತವೆ. ಗಾತ್ರ ಟ್ಯಾಂಕಿನ ಮೂರನೇ ಒಂದರಿಂದ ಅರ್ಧ. ಅಲ್ಲಿಂದ ಸೋರದ ಜಲ್ಲಿ ಹಾಸಿಗೆಗೆ ಬಿಟ್ಟು ಕ್ಯಾನಾ, ಆಪಿನಂಥ ಗಿಡ ಬೆಳೆಸಬಹುದು. ಇಷ್ಟಾದರೂ ಆ ನೀರನ್ನು ಸೊಪ್ಪು ತರಕಾರಿಗೆ ಹಾಕಬೇಡಿ.

ಬಡಾವಣೆಯ ಚಿಕ್ಕ ಸೈಟಿಗೆ, ಸಣ್ಣ ಕುಟುಂಬಕ್ಕೆ ಇದ್ಯಾವುದೂ ಬೇಡ, ಅವಳಿ ಗುಂಡಿ ಸಾಕು. ಜಲ ಆಳದಲ್ಲಿರಬೇಕು ಅಷ್ಟೆ. ಸ್ವಚ್ಛ ಭಾರತ್ ಗ್ರಾಮೀಣದಲ್ಲಿ ಅರ್ಹ ಕುಟುಂಬಗಳಿಗೆ ಸಿಗುವ 12,000 ರೂಪಾಯಿ ಪ್ರೋತ್ಸಾಹಧನದಲ್ಲಿ ಹೆಚ್ಚಾಗಿ ಕಟ್ಟುವುದು ಇದನ್ನೇ. ಎರಡು ಗುಂಡಿಯ ನಡುವೆ ಕನಿಷ್ಠ 1 ಮೀಟರ್. ಒಂದು ತುಂಬಿದಾಗ ಚೇಂಬರಿನಲ್ಲಿ ಇನ್ನೊಂದಕ್ಕೆ ತಿರುಗಿಸಿ. ತುಂಬಿದ್ದನ್ನು ಎರಡು ವರ್ಷ ಮುಟ್ಟದೆ ಬಿಟ್ಟರೆ ವಾಸನೆಯಿಲ್ಲದ ಗೊಬ್ಬರ. ಎರಡನ್ನೂ ಒಟ್ಟಿಗೆ ತೆರೆದಿಟ್ಟರೆ ಲೆಕ್ಕವೇ ಕೆಟ್ಟಿತು, ನಮ್ಮೂರಲ್ಲೇ ಅಂಥವು ಎಷ್ಟೋ ಇವೆ.

ಹಂತ 5: ಶುರು ಮಾಡುವುದು, ಕಣ್ಣಿಡುವುದು

ಬಳಸುವ ಮೊದಲು ಹೊರಪೈಪಿನ ಮಟ್ಟದವರೆಗೆ ಒಳ್ಳೆ ನೀರು ತುಂಬಿ. ಚಾಲ್ತಿಯಲ್ಲಿರುವ ಬೇರೆ ಟ್ಯಾಂಕಿನ ಸ್ವಲ್ಪ ಕೆಸರು ಸಿಕ್ಕರೆ ಹಾಕಬಹುದು, ಇಲ್ಲದಿದ್ದರೆ ಕೊಳೆತ ಸಗಣಿ ಒಂದು ಬಕೆಟ್. ಅಂಗಡಿಯ ಪುಡಿ, ಬಾಟಲಿ ಯಾವುದೂ ಬೇಡ.

ಫಿನಾಯಿಲ್, ಆಸಿಡ್, ಬ್ಲೀಚಿಂಗ್ ಪೌಡರನ್ನು ಕೈ ಬಿಗಿ ಹಿಡಿದು ಬಳಸಿ. ಪ್ಯಾಡ್, ಡೈಪರ್, ಕೂದಲು ಹಾಕಲೇಬೇಡಿ. ಅಡಿಕೆ ಸುಗ್ಗಿಯಲ್ಲಿ ಚೊಗರಿನ (ಅಡಿಕೆ ಬೇಯಿಸಿದ ಕೆಂಪು ರಸ) ಹಂಡೆ ತೊಳೆದು ಆ ನೀರನ್ನು ಪಾಯಿಖಾನೆಗೆ ಸುರಿಯುವುದೂ ಬೇಡ. ಚೊಗರಿನಲ್ಲಿರುವ ಟ್ಯಾನಿನ್ ಬ್ಯಾಕ್ಟೀರಿಯಾಗಳಿಗೆ ಆಗದು.

ವರ್ಷಕ್ಕೊಮ್ಮೆ, ಜನವರಿ ಫೆಬ್ರವರಿಯಲ್ಲಿ, ಕೆಸರು ಅಳೆಯಿರಿ. ಮುಚ್ಚಳ ತೆಗೆದು ದೂರ ನಿಂತು ಗಾಳಿಯಾಡಲು ಬಿಡಿ. ಬೀಡಿ, ಬೆಂಕಿ ಹತ್ತಿರ ಬೇಡ, ಒಳಗಿರುವುದು ಮೀಥೇನ್. ಉದ್ದ ಕೋಲಿನ ತುದಿಗೆ ಬಿಳಿ ಬಟ್ಟೆ ಸುತ್ತಿ ಹೊರಪೈಪಿನ ಬಳಿ ತಳದವರೆಗೆ ಇಳಿಸಿ. ಕೆಲವು ನಿಮಿಷ ಬಿಟ್ಟು ನಿಧಾನ ಎತ್ತಿ. ಕಪ್ಪು ಮೆತ್ತಿದಷ್ಟು ಎತ್ತರ ಕೆಸರು. ಕೆಸರು, ಮೇಲಿನ ಜಿಡ್ಡು ಸೇರಿ ನೀರಿನ ಆಳದ ಅರ್ಧಕ್ಕೆ ಬಂದರೆ ಗಾಡಿ ಕರೆಯುವ ಹೊತ್ತು. ಹದಿನೈದು ವರ್ಷದಿಂದ ತುಂಬಿಯೇ ಇಲ್ಲ ಎಂದು ಜಂಬ ಕೊಚ್ಚುವವರ ಟ್ಯಾಂಕು ಸೋರುತ್ತಿದೆ ಎಂದರ್ಥ.

ಮಳೆಗಾಲದಲ್ಲಿ ಎರಡು ಸಲವಾದರೂ ಇಂಗುವ ಜಾಗದಲ್ಲಿ ಓಡಾಡಿ. ಕಾಲು ಹೂಳುತ್ತಿದೆಯಾ? ಒಂದೇ ಕಡೆ ಹುಲ್ಲು ಅತಿ ಹಸಿರಾಗಿದೆಯಾ? ಧರೆಯಿಂದ ಬೂದು ಬಣ್ಣದ ನೀರು ಒಸರುತ್ತಿದೆಯಾ? ಮಳೆ ಜೋರಾದ ದಿನ ಮಾತ್ರ ಫ್ಲಶ್ ಕಟ್ಟಿಕೊಂಡರೆ ತಪ್ಪು ಪೈಪಿನದ್ದಲ್ಲ, ಜಲದ್ದು. ಬಕೆಟ್ ನೀರು ಹೊಡೆದು ಪ್ರಯೋಜನವಿಲ್ಲ.

ಬಾವಿ ನೀರನ್ನು ಮಳೆ ಶುರುವಾದ ಮೇಲೆ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ. ಜಲಜೀವನ್ ಮಿಷನ್‌ನಲ್ಲಿ ಪಂಚಾಯಿತಿಗಳಿಗೆ ಪರೀಕ್ಷಾ ಕಿಟ್ ಕೊಟ್ಟಿದ್ದಾರೆ, ಕೇಳಿ. ಎಚ್‌2ಎಸ್ ಬಾಟಲಿಯಲ್ಲಿ ನೀರು ತುಂಬಿಟ್ಟು, ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ಬ್ಯಾಕ್ಟೀರಿಯಾ ಇರುವ ಅನುಮಾನ. ಆಗ ಪ್ರಯೋಗಾಲಯಕ್ಕೆ ಕೊಡಿ. ಕುಡಿಯುವ ನೀರಿನ ಮಾನಕದ ಪ್ರಕಾರ 100 ಮಿ.ಲೀ.ನಲ್ಲಿ ಇ. ಕೋಲಿ ಒಂದೂ ಇರಬಾರದು, ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ ದಾಟಬಾರದು. ಅಲ್ಲಿಯವರೆಗೆ ಕುದಿಸಿ ಕುಡಿಯಿರಿ.

ಹಂತ 6: ಖಾಲಿ ಮಾಡಿಸುವುದು

ಬೇಸಿಗೆಯಲ್ಲೇ ಮಾಡಿಸಿ. ಜುಲೈಯಲ್ಲಿ ಖಾಲಿ ಮಾಡಿದರೆ ಸುತ್ತಲ ಜಲದ ಒತ್ತಡಕ್ಕೆ ಗೋಡೆ ಬಿರಿಯಬಹುದು, ಪ್ಲಾಸ್ಟಿಕ್ ಟ್ಯಾಂಕ್ ಎದ್ದೇಬಿಡಬಹುದು. ತಳದಲ್ಲಿ ಒಂದೆರಡು ಇಂಚು ಕೆಸರು ಬಿಟ್ಟರೆ ಹೊಸದಕ್ಕೆ ಅದೇ ಹೆಪ್ಪು.

ಯಾರನ್ನೂ ಒಳಗೆ ಇಳಿಸಬೇಡಿ. "ಇಳಿದು ಕೆರೆದರೆ ಚೆನ್ನಾಗಿ ಹೋಗುತ್ತೆ" ಎಂದು ಅವರೇ ಮುಂದೆ ಬಂದರೂ ಬೇಡ. ಒಳಗಿನ ಹೈಡ್ರೋಜನ್ ಸಲ್ಫೈಡ್ ಅನಿಲ ಮೊದಲು ಕೊಳೆತ ಮೊಟ್ಟೆಯಂತೆ ವಾಸನೆ ಬರುತ್ತದೆ. ಪ್ರಮಾಣ ಹೆಚ್ಚಾದರೆ ಮೂಗಿಗೇ ಗೊತ್ತಾಗುವುದಿಲ್ಲ, ಮನುಷ್ಯ ಅಲ್ಲೇ ಬೀಳುತ್ತಾನೆ. ಎತ್ತಲು ಇಳಿದವನೂ ಬೀಳುತ್ತಾನೆ. 2013ರ ಕಾಯ್ದೆಯಲ್ಲಿ ಹೀಗೆ ಇಳಿಸಿದವರಿಗೆ ಮೊದಲ ತಪ್ಪಿಗೇ 2 ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಸಾವು ಸಂಭವಿಸಿದರೆ ಕುಟುಂಬಕ್ಕೆ 30 ಲಕ್ಷ ಪರಿಹಾರ ಎಂದು 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಳೆ ಗುಂಡಿ ರಿಪೇರಿಗೂ ಇದೇ ಮಾತು.

ಗಾಡಿಯವರಿಗೆ ದುಡ್ಡು ಕೊಡುವ ಮೊದಲು ಎಲ್ಲಿ ಸುರಿಯುತ್ತೀರಿ ಎಂದು ಕೇಳಿ. ದೇವನಹಳ್ಳಿಯಲ್ಲಿ 2015ರಲ್ಲೇ ಇಂಥ ಕೆಸರನ್ನು ಸಂಸ್ಕರಿಸುವ ಘಟಕ ಶುರುವಾಯಿತು. ನಿಮ್ಮ ಹತ್ತಿರದ ಘಟಕ ಯಾವುದು ಎಂದು ನಗರಸಭೆ, ಪಟ್ಟಣ ಪಂಚಾಯಿತಿಯಲ್ಲಿ ವಿಚಾರಿಸಿ ಅಲ್ಲಿಗೇ ಕಳಿಸಿ. ನಾನು ಕೇಳಿದಾಗ ಗಾಡಿಯ ಹುಡುಗ "ಘಾಟಿ ಇಳಿಯೋವಾಗ ಎಲ್ಲಾದ್ರೂ ಬಿಡ್ತೀವಿ ಅಣ್ಣ" ಎಂದ. ಅವನನ್ನು ವಾಪಸ್ ಕಳಿಸಿ ಬೇರೆ ಗಾಡಿ ಬರುವವರೆಗೆ ಹನ್ನೊಂದು ದಿನ ಕಾದೆವು. ಕೆಸರಿನ ಅಳತೆ, ಗಾಡಿ ಬಂದ ತಾರೀಖು, ಬಾವಿ ನೀರಿನ ವರದಿ, ಪೈಪ್ ಹೋದ ದಾರಿಯ ನಕ್ಷೆ ಎಲ್ಲ ಈಗ ಮೀಟರ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಿದ್ದೇವೆ. ಮುಂದಿನ ಸಲ ಮುಚ್ಚಳ ಎಲ್ಲಿದೆ ಎಂದು ಅಂಗಳವೆಲ್ಲ ಅಗೆಯುವುದು ತಪ್ಪುತ್ತದೆ.